ಬಾಯಿ ಮುಚ್ಚಿದ ಮೇಲೆ ಬಂದ ಮಾತು

ಆ ಫೈಲನ್ನು ಮೊದಲ ಸಲ ತೆರೆದಾಗ ಚಿತ್ರ ಬರಲೇ ಇಲ್ಲ, ಬರೀ ಸದ್ದು ಬಂತು. ಕಪ್ಪು ಪರದೆಯ ಹಿಂದೆ ಗಾಳಿ ಬೀಸುತ್ತಿತ್ತು, ಎಲ್ಲೋ ಯಂತ್ರವೊಂದು ಗುರುಗುಟ್ಟುತ್ತಿತ್ತು, ಯಾರೋ ಕೆಮ್ಮಿದರು.

"ಶುರುವಾಯ್ತಪ್ಪ ಇದರದ್ದೂ ರಾಗ," ಎಂದು ಎಡಿಟರಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡಳು.

ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಟೈರ್ ಅಂಗಡಿಯ ಮೇಲಿದ್ದ ಎರಡು ಕೋಣೆಯ ಆ ಸ್ಟುಡಿಯೋ ಅವಳ ಸೋದರಮಾವನದು. ಹತ್ತೊಂಬತ್ತು ವರ್ಷಗಳಿಂದ ಅವಳು ಅಲ್ಲಿ ಕಾರ್ಖಾನೆಗಳ ತರಬೇತಿ ಚಿತ್ರ, ಶಾಲೆಗಳ ವಾರ್ಷಿಕೋತ್ಸವ, ಕಚೇರಿಗಳು ಕಳಿಸುವ ಚೂರುಪಾರು ವಿಡಿಯೋ ಎಲ್ಲವನ್ನೂ ಕತ್ತರಿಸಿ ಜೋಡಿಸುತ್ತ ಬಂದಿದ್ದಳು. ಕಿಟಕಿಗೆ ದಪ್ಪ ಪರದೆ. ಕೆಳಗಿನಿಂದ ಸದಾ ರಬ್ಬರಿನ ವಾಸನೆ. ಕೈಗೆ ಬಂದ ಯಾವ ಹಾಳು ಫೈಲನ್ನಾದರೂ ಅವಳು ತೆರೆಯಬಲ್ಲಳು ಎಂಬುದು ಮಾವನ ಹೆಮ್ಮೆ. ಆ ಹೆಮ್ಮೆಯಿಂದಲೇ ಅಪಘಾತಗಳ ವಿಚಾರಣೆ ನಡೆಸುವ ಕಚೇರಿಯ ಕೆಲಸವೂ ಇವರಲ್ಲಿಗೆ ಬರತೊಡಗಿತ್ತು.

ಈ ಫೈಲು ಬಂದದ್ದೂ ಅಲ್ಲಿಂದಲೇ. ಐದು ವಾರದ ಹಿಂದೆ, ಕಾಂಕ್ರೀಟಿನ ತೊಲೆಗಳನ್ನು ಎರಕ ಹೊಯ್ಯುವ ಅಂಗಳವೊಂದರಲ್ಲಿ, ಕ್ರೇನಿನಿಂದ ತೊಲೆ ಜಾರಿ ಒಬ್ಬ ಸತ್ತಿದ್ದ. ತೊಲೆ ಗಾಳಿಯಲ್ಲಿ ತಿರುಗದ ಹಾಗೆ ಕೆಳಗೆ ನಿಂತು ಹಗ್ಗ ಹಿಡಿಯುವುದು ಅವನ ಕೆಲಸ. ಆ ಅಂಗಳದಲ್ಲಿ ಅದುವರೆಗೆ ಎತ್ತಿದ್ದರಲ್ಲೆಲ್ಲ ದೊಡ್ಡ ತೊಲೆ ಅದು. ಅಕ್ಕನಿಗೆ ತೋರಿಸಬೇಕೆಂದು ಅವನೇ ತನ್ನ ಫೋನನ್ನು ಒಂದು ಡ್ರಮ್ಮಿನ ಮೇಲೆ ಒರಗಿಸಿ, ವಿಡಿಯೋ ಚಾಲೂ ಮಾಡಿ ಕೆಲಸಕ್ಕೆ ಹೋಗಿದ್ದ. ಹದಿನಾಲ್ಕು ನಿಮಿಷ ಓಡಿದ್ದ ಆ ವಿಡಿಯೋ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲಿಲ್ಲ. ಹಾಗಾಗಿ ವಿಚಾರಣಾಧಿಕಾರಿ ಪತ್ರ ಬರೆದು ಕಳಿಸಿದ್ದರು: ಸರಪಳಿ ಜಾರುವ ತನಕದ ಕೊನೆಯ ಎರಡು ನಿಮಿಷವನ್ನು ನಮ್ಮಲ್ಲಿ ತೆರೆಯುವಂತೆ ಮಾಡಿಕೊಡಿ, ತೊಲೆ ಬೀಳುವ ಮುಂಚೆಯೇ ನಿಲ್ಲಿಸಿ, ಕೋಣೆಯಲ್ಲಿ ಸತ್ತವನ ಅಕ್ಕ ಇರುತ್ತಾರೆ, ಏನನ್ನೂ ಸೇರಿಸಿಲ್ಲ, ಬದಲಿಸಿಲ್ಲ ಎಂದು ಸಹಿ ಮಾಡಿಕೊಡಿ.

ಎಡಿಟರಮ್ಮ ಫೈಲನ್ನು ಬೇರೆ ರೂಪಕ್ಕೆ ಪರಿವರ್ತಿಸಿ ಮತ್ತೆ ಒಳಗೆ ತಂದಳು. ಈ ಸಲ ಚಿತ್ರ ಬಂತು. ಜೊತೆಗೊಂದು ಚಿಕ್ಕ ಚೌಕ ಎದ್ದು ನಿಂತು, ಈ ಕ್ಲಿಪ್ಪಿನ ಫ್ರೇಮ್ ವೇಗ ಒಂದೇ ಸಮನಾಗಿಲ್ಲ, ಮುಂದುವರಿಯಬೇಕೇ ಎಂದು ಕೇಳಿತು. ಅಂಥ ಚೌಕಗಳು ದಿನಕ್ಕೆ ಐವತ್ತು ಏಳುತ್ತವೆ. ಅವಳು ಹೌದು ಒತ್ತಿದಳು.

ಮುಂದಿನದು ಅವಳಿಗೆ ಇಷ್ಟವಿಲ್ಲದ ಕೆಲಸ. ಕತ್ತರಿಸುವ ಜಾಗ ಸಿಗಬೇಕಾದರೆ ಅದರ ಹತ್ತಿರ ಹೋಗಲೇಬೇಕು. ಅವಳು ಸದ್ದನ್ನು ಪೂರ್ತಿ ತಗ್ಗಿಸಿ, ಒಂದೊಂದೇ ಚಿತ್ರವಾಗಿ ಮುಂದೆ ಸರಿದಳು. ಸರಪಳಿ ತೊಲೆಯ ಅಂಚಿನಲ್ಲಿ ಒಂದು ಗೇಣು ಜಾರಿತು. ಅಲ್ಲಿಂದ ಎರಡು ಸೆಕೆಂಡು ಬಿಟ್ಟು ಗುರುತು ಹಾಕಿ ಕೈ ಎತ್ತಿಬಿಟ್ಟಳು. ಅದರಾಚೆ ಏನಿದೆಯೋ ಅದನ್ನು ನೋಡಲಿಲ್ಲ. ಒಬ್ಬ ಮನುಷ್ಯ ಸಾಯುವುದನ್ನು ಮೇಜಿನ ಮುಂದೆ ಕೂತು ನೋಡಲು ಅವಳಿಗೆ ಆಗುತ್ತಿರಲಿಲ್ಲ.

ಕತ್ತರಿಸಿದ್ದನ್ನು ಫೈಲಾಗಿ ಹೊರತೆಗೆಯಲು ಹೋದರೆ ಎರಡು ಸಲ ಶೇಕಡಾ ತೊಂಬತ್ತರ ಆಸುಪಾಸಿನಲ್ಲಿ ಕಲ್ಲಾಗಿ ನಿಂತುಬಿಟ್ಟಿತು. ಬೇರೆ ಡಿಸ್ಕಿಗೆ ಹಾಕಿ, ತಾತ್ಕಾಲಿಕ ಫೈಲುಗಳನ್ನು ಗುಡಿಸಿ ಮೂರನೇ ಸಲ ಕೊಟ್ಟಾಗ ಮುಗಿಯಿತು. ಅಷ್ಟರಲ್ಲಿ ಅವಳ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಕಚೇರಿಯಲ್ಲಿದ್ದಂಥದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದಳು. ಚಿತ್ರ ಬಂತು, ಸದ್ದು ಬಂತು. ಮಾವ ಸಹಿ ಹಾಕಿದ. ಪೆನ್‌ಡ್ರೈವ್ ಹೋಯಿತು.

ಆಮೇಲಿನ ಸುದ್ದಿಯನ್ನು ಹತ್ತು ದಿನದ ಮೇಲೆ ಮಾವನೇ ಹೇಳಿದ. ತೊಲೆ ಎತ್ತುವಾಗ ಸೀಟಿ ಊದಿ ಕ್ರೇನ್ ಚಾಲಕನಿಗೆ ಸೂಚನೆ ಕೊಡುವವನೊಬ್ಬ ಇರುತ್ತಾನೆ. ಉದ್ದಕ್ಕೆ ಊದಿದರೆ ನಿಲ್ಲಿಸು ಎಂದರ್ಥ. ಅವನು ತೊಲೆಗಳ ಅಟ್ಟಿಯ ಮರೆಯಲ್ಲಿದ್ದ ಕಾರಣ ಚಿತ್ರದಲ್ಲಿ ಕಾಣುತ್ತಿರಲಿಲ್ಲ, ಸೀಟಿ ಮಾತ್ರ ಕೇಳುತ್ತಿತ್ತು. ವಿಡಿಯೋ ನೋಡಿದರೆ ಸರಪಳಿ ಜಾರಿ ಒಂದು ಸೆಕೆಂಡಾದ ಮೇಲೆ ಸೀಟಿ. "ತಡವಾಗಿ ಊದಿದಾನೆ. ಕೆಲಸದಿಂದ ತೆಗೆದ್ರಂತೆ," ಎಂದ ಮಾವ. "ಅಯ್ಯೋ ಪಾಪ," ಎಂದಳು ಎಡಿಟರಮ್ಮ. ಯಾರಿಗೆ ಪಾಪ ಎಂದದ್ದು ಅವಳಿಗೇ ಸ್ಪಷ್ಟವಿರಲಿಲ್ಲ.

ಇನ್ನೂ ಎರಡು ವಾರ ಕಳೆದ ಮೇಲೆ ಸತ್ತವನ ಅಕ್ಕ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಎರಡೂ ಮುಂಗೈಗಳ ಮೇಲೆ ಹಳೆಯ ಸುಟ್ಟ ಗೆರೆಗಳಿದ್ದವು. ಕುರ್ಚಿಯ ತುದಿಯಲ್ಲಿ ಕೂತು, ಕೈಚೀಲದಿಂದ ತಮ್ಮನ ಫೋನು ತೆಗೆದು ಮೇಜಿನ ಮೇಲಿಟ್ಟಳು. ಕಚೇರಿಯವರು ಅದನ್ನು ಅವಳಿಗೆ ವಾಪಸು ಕೊಟ್ಟಿದ್ದರು.

"ಇದ್ರಲ್ಲಿ ಮಧ್ಯದಲ್ಲಿ ಒಂದ್ಸಲ ಅವನು ಫೋನ್ ಹತ್ರ ಬಂದು ನನ್ನ ಜೊತೆ ಮಾತಾಡ್ತಾನೆ," ಎಂದಳು. "ಅದಷ್ಟೇ ಕಟ್ ಮಾಡಿ ಕೊಡ್ತೀರಾ? ದಿನಾ ನೋಡ್ತೀನಿ. ಅವನು ಆ ಕಡೆ ತಿರುಗ್ತಿದ್ದ ಹಾಗೇ ಆಫ್ ಮಾಡ್ತೀನಿ. ಆದ್ರೆ ಒಂದಿನ ಕೈ ಎಡವಿ ಮುಂದಕ್ಕೆ ಓಡಿಬಿಟ್ರೆ ಅಂತ ಭಯ."

ಎಡಿಟರಮ್ಮನಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಹಿಂದೆ ಒಳಗೆ ತಂದ ಕ್ಲಿಪ್ಪು ಡಿಸ್ಕಿನಲ್ಲಿ ಇನ್ನೂ ಇತ್ತು. ಏಳನೇ ನಿಮಿಷಕ್ಕೆ ಓಡಿಸಿದಳು. ಹೆಲ್ಮೆಟ್ ಹಾಕಿದ್ದ ತೆಳುವಾದ ಮುಖವೊಂದು ಪರದೆ ತುಂಬ ಬಂದು, ಕಣ್ಣು ಕಿರಿದು ಮಾಡಿ ನಕ್ಕಿತು. "ಅಕ್ಕಾ, ನೋಡ್ತಿದೀಯಾ? ಇದೇ ನೋಡು ನಾನು ಹೇಳಿದ್ದ ಆನೆ. ನೀನು ನಂಬಲ್ಲ ಅಂತಾನೇ ತೆಗೀತಿದೀನಿ."

ಅಕ್ಕ ಪರದೆಯ ಕಡೆಗೆ ಬಾಗಿದಳು. ಮುಖದಲ್ಲಿ ಅಳು ಬರಲಿಲ್ಲ, ಹುಬ್ಬು ಗಂಟಿಕ್ಕಿತು.

"ಇದು ಸರಿ ಇಲ್ಲ."

"ಯಾಕಮ್ಮಾ?"

"ಅವನು ಬಾಯಿ ಮುಚ್ಚಿದ ಮೇಲೆ ಮಾತು ಬರ್ತಿದೆ. ನೋಡಿ, ಆಗ್ಲೇ ತಿರುಗಿಬಿಟ್ಟ. ಆಮೇಲೆ 'ತೆಗೀತಿದೀನಿ' ಅಂತ ಕೇಳುತ್ತೆ. ಹೀಗಿಲ್ಲ ಅದು."

"ಒಂದೊಂದ್ಸಲ ಕಂಪ್ಯೂಟರ್ ನಿಧಾನ ಆದಾಗ..." ಎಂದು ಎಡಿಟರಮ್ಮ ಶುರು ಮಾಡಿದಳು.

"ದಿನಾ ನೋಡ್ತೀನಿ ಅಂದ್ನಲ್ಲ. ಎಷ್ಟು ಸಲ ರೆಪ್ಪೆ ಬಡೀತಾನೆ ಅಂತಾನೂ ಗೊತ್ತು ನಂಗೆ." ಅವಳು ಫೋನಿನಲ್ಲೇ ಆ ಜಾಗ ತೆಗೆದು ತೋರಿಸಿದಳು. ಅಲ್ಲಿ ತುಟಿಯೂ ಮಾತೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಎಡಿಟರಮ್ಮ ಎರಡನ್ನೂ ಮತ್ತೊಮ್ಮೆ ನೋಡಿದಳು. ಕಂಪ್ಯೂಟರಿನಲ್ಲಿ ಮಾತು ಒಂದೂವರೆ ಸೆಕೆಂಡಿಗಿಂತ ಹೆಚ್ಚೇ ಹಿಂದೆ ಬಿದ್ದಿತ್ತು. ಕ್ಲಿಪ್ಪಿನ ಮೊದಲಿಗೆ ಹೋದಳು. ಅಲ್ಲಿ ಅವನು ಫೋನು ಇಟ್ಟು ಡ್ರಮ್ಮಿಗೆ ಕೈ ಬಡಿಯುತ್ತಾನೆ. ಬಡಿತವೂ ಸದ್ದೂ ಒಟ್ಟಿಗೇ ಇದ್ದವು. ಮೂರನೇ ನಿಮಿಷಕ್ಕೆ ಅಷ್ಟಿಷ್ಟು ವ್ಯತ್ಯಾಸ. ಏಳಕ್ಕೆ ಇಷ್ಟು. ಅಂದರೆ ಸರಪಳಿ ಜಾರುವ ಹನ್ನೊಂದೂ ಮುಕ್ಕಾಲಕ್ಕೆ?

ಫೋನುಗಳು ಸೆಕೆಂಡಿಗೆ ಇಷ್ಟೇ ಚಿತ್ರ ಎಂದು ಲೆಕ್ಕ ಇಟ್ಟುಕೊಂಡು ತೆಗೆಯುವುದಿಲ್ಲ. ಬಿಸಿಲಿಗೆ ಕಾದಾಗ, ಬೆಳಕು ಕುಗ್ಗಿದಾಗ ಒಂದೆರಡು ಬಿಟ್ಟುಬಿಡುತ್ತವೆ. ಎಡಿಟ್ ಮಾಡುವ ಸಾಫ್ಟ್‌ವೇರು ಅದನ್ನು ಅರಿಯದೆ ಎಲ್ಲವನ್ನೂ ಒಂದೇ ವೇಗದಲ್ಲಿ ಓಡಿಸಿದರೆ ಚಿತ್ರ ಮುಂದೆ ಮುಂದೆ ಓಡುತ್ತದೆ, ಸದ್ದು ಹಿಂದೆ ಉಳಿಯುತ್ತದೆ. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಅವಳು ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದ ಪಾಠ ಇದು. ಆ ಚಿಕ್ಕ ಚೌಕ ಕೇಳಿದ್ದೂ ಇದನ್ನೇ.

"ನಾಳೆ ಬನ್ನಿ ಅಮ್ಮ," ಎಂದಳು. "ಸರಿ ಮಾಡಿಡ್ತೀನಿ. ಫೋನು ಇಲ್ಲೇ ಇರ್ಲಾ?"

ಅಕ್ಕ ಫೋನನ್ನು ಎತ್ತಿ ಎದೆಗೊತ್ತಿಕೊಂಡಳು. "ಇಲ್ಲ. ಬೇಕಾದ್ದು ಈಗ್ಲೇ ತಗೊಳ್ಳಿ. ಕಾಯ್ತೀನಿ."

ಫೋನಿನಿಂದ ಫೈಲನ್ನು ಹೊಸದಾಗಿ ತೆಗೆದುಕೊಂಡು, ಬಿಟ್ಟುಹೋದ ಚಿತ್ರಗಳ ಜಾಗವನ್ನು ತುಂಬಿ ಒಂದೇ ವೇಗಕ್ಕೆ ತರುವ ಹಾಗೆ ಪರಿವರ್ತಿಸಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಫೋನಿನ ತಂತಿ ಹಿಡಿದುಕೊಂಡೇ ಕೂತಿದ್ದಳು. ಅವಳು ಬಯಸಿದ ಹದಿನೈದು ಸೆಕೆಂಡು ಈ ಸಲ ಸರಿಯಾಗಿ ಬಂತು. ಅದನ್ನು ನೋಡಿ, ತಲೆ ಆಡಿಸಿ, ಫೋನಿಗೆ ಹಾಕಿಸಿಕೊಂಡು ಅವಳು ಹೊರಟುಹೋದಳು. ಎಡಿಟರಮ್ಮ ಅವಳಿಗೆ ಏನನ್ನೂ ಹೇಳಲಿಲ್ಲ. ಹೇಳುವ ಮುಂಚೆ ನೋಡಬೇಕಾದದ್ದು ಒಂದಿತ್ತು.

ಬಾಗಿಲ ಚಿಲಕ ಹಾಕಿ ಬಂದು ಕೂತಳು. ಸದ್ದು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ಒಂದು ಪೆಟ್ಟು ಬೇಕು. ಸಿನಿಮಾದವರು ಅದಕ್ಕೇ ಶೂಟಿಂಗಿನ ಮೊದಲು ಕ್ಲ್ಯಾಪ್ ಹಲಗೆ ಬಡಿಯುತ್ತಾರೆ. ಈ ವಿಡಿಯೋದ ಕೊನೆಯ ಭಾಗದಲ್ಲಿ ಅಂಥ ಪೆಟ್ಟು ಇದ್ದದ್ದು ಒಂದೇ.

ಅವಳು ಸದ್ದು ತಗ್ಗಿಸದೆ ನೋಡಿದಳು. ಸೀಟಿ ಉದ್ದಕ್ಕೆ ಕೂಗಿತು. ಒಂದು ಸೆಕೆಂಡು, ಎರಡು. ಸರಪಳಿ ಜಾರಿತು. ಸೀಟಿ ಇನ್ನೂ ಕೂಗುತ್ತಲೇ ಇತ್ತು. ಹಗ್ಗ ಹಿಡಿದವನು ಮೇಲೆ ನೋಡಿದ, ಒಂದು ಹೆಜ್ಜೆ ಹಿಂದಿಟ್ಟ, ಆ ಹೆಜ್ಜೆ ತಪ್ಪು ದಿಕ್ಕಿಗೆ ಬಿತ್ತು. ತೊಲೆ ನೆಲಕ್ಕೆ ಬಡಿದದ್ದೂ ಆ ಸದ್ದು ಬಂದದ್ದೂ ಒಂದೇ ಚಿತ್ರದಲ್ಲಿ. ಕೂದಲೆಳೆಯಷ್ಟೂ ಅತ್ತಿತ್ತ ಇರಲಿಲ್ಲ.

ಆಮೇಲೆ ಹಳೆಯ ಕ್ಲಿಪ್ಪನ್ನು ಹಾಕಿದಳು. ಅದರಲ್ಲಿ ತೊಲೆ ಸದ್ದಿಲ್ಲದೆ ಬಿತ್ತು. ಧೂಳೆದ್ದಿತು. ಮೂರು ಸೆಕೆಂಡಾದ ಮೇಲೆ ಸದ್ದು ಬಂತು.

ಅಂದು ಅವಳು ಇದನ್ನು ಒಂದೇ ಒಂದು ಸಲ ಸದ್ದಿನೊಡನೆ ನೋಡಿದ್ದರೆ ಸಾಕಿತ್ತು. ಎಂಥ ದಡ್ಡನಿಗೂ ಗೊತ್ತಾಗುತ್ತಿತ್ತು. ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದಳು.

ಮಾವ ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ಮೇಜಿನ ಮೇಲಿದ್ದ ಪಿನ್ನುಗಳನ್ನು ಡಬ್ಬಿಗೆ ತುಂಬಿದ. ಆಮೇಲೆ, "ಯಾರಿಗೆ ಹೇಳಿದೀಯಾ?" ಎಂದ.

"ಇನ್ನೂ ಯಾರಿಗೂ ಇಲ್ಲ."

"ಹಾಗಿದ್ರೆ ಸ್ವಲ್ಪ ತಡಿ. ಏನೂ ಬದಲಾಯಿಸಿಲ್ಲ ಅಂತ ಸಹಿ ಹಾಕಿರೋನು ನಾನು. ಇಷ್ಟು ವರ್ಷದಲ್ಲಿ ನಾವು ಮಾಡಿಕೊಟ್ಟ ಬೇರೆ ವಿಡಿಯೋಗಳ ಗತಿ ಏನು? ಒಂದನ್ನ ತಪ್ಪು ಅಂದ್ರೆ ಎಲ್ಲದನ್ನೂ ಎಳೀತಾರೆ."

"ಎಳೀಲಿ ಮಾವ. ಅವುಗಳಲ್ಲೂ ತಪ್ಪಿದ್ರೆ?"

ಮಾವನ ಮುಖ ಕಪ್ಪಿಟ್ಟಿತು. ಆ ಮಾತು ಅವನಿಗೆ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಹರವುವಾಗ ಅವಳು ಗಂಡನಿಗೆ ಹೇಳಿದಳು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಯಾವುದನ್ನೂ ನೇರವಾಗಿ ಹೇಳುವ ಅಭ್ಯಾಸವಿಲ್ಲದವನು. ಒದ್ದೆ ಹೊದಿಕೆಯ ಒಂದು ತುದಿ ಹಿಡಿದುಕೊಂಡು, "ನಾನೊಂದ್ಸಲ ಎಡಗಣ್ಣಿನ ಗ್ಲಾಸು ಬಲಗಣ್ಣಿಗೆ ಕೂರಿಸಿ ಕೊಟ್ಟಿದ್ದೆ, ಹೇಳಿದ್ನಾ?" ಎಂದ.

"ಇಲ್ಲ. ಆಮೇಲೆ?"

"ಆ ಯಜಮಾನ್ರು ಎರಡು ತಿಂಗಳು ತಲೆನೋವು ತಲೆನೋವು ಅಂತ ಇರೋಬರೋ ಡಾಕ್ಟರ ಹತ್ರ ಎಲ್ಲ ತಿರುಗಿದ್ರು. ನಮ್ಮ ಅಂಗಡಿಗೆ ಮಾತ್ರ ಬರ್ಲಿಲ್ಲ. ಕನ್ನಡಕ ಸರಿಯಾಗೇ ಇರುತ್ತೆ, ಕೆಟ್ಟಿರೋದು ನನ್ನ ತಲೇನೇ ಅಂದ್ಕೊಂಡಿದ್ರು ಪಾಪ." ಅವನು ಹೊದಿಕೆಯನ್ನು ಕೊಡವಿದ. ಹನಿಗಳು ಅವಳ ಮುಖಕ್ಕೆ ಹಾರಿದವು. "ಹೋಗಿ ಹೇಳು. ಮಾವ ಒಂದು ವಾರ ಮಾತು ಬಿಡ್ತಾರೆ, ಅಷ್ಟೇ ತಾನೆ? ನಿನಗೂ ಸ್ವಲ್ಪ ಆರಾಮು."

ಅವಳು ನಗಲು ನೋಡಿದಳು. ಆಗಲಿಲ್ಲ.

ಸೋಮವಾರ ಮಾವ ಒಂದು ಪತ್ರ ಟೈಪು ಮಾಡಿ ತಂದ. 'ತಾಂತ್ರಿಕ ಕಾರಣಗಳಿಂದ ಅಲ್ಪ ವ್ಯತ್ಯಾಸ ಕಂಡುಬಂದಿರುತ್ತದೆ' ಎಂದಿತ್ತು. ಅವಳು ಆ ಸಾಲನ್ನು ಹೊಡೆದುಹಾಕಿ ಪೆನ್ನಿನಲ್ಲಿ ಬರೆದಳು: ವಿಡಿಯೋವನ್ನು ಪರಿವರ್ತಿಸುವಾಗ ನಾನು ಎಚ್ಚರಿಕೆಯನ್ನು ಓದಲಿಲ್ಲ. ಸೀಟಿಯ ಸದ್ದು ಮೂರು ಸೆಕೆಂಡು ತಡವಾಗಿ ಬಂದಿದೆ. ತಪ್ಪು ನನ್ನದು. ಮಾವ ಅದನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದ. ಜೊತೆಗೆ ಬರಲಿಲ್ಲ.

ವಿಚಾರಣಾಧಿಕಾರಿ ನೆಗಡಿಯಿಂದ ಮೂಗು ಕೆಂಪಾಗಿದ್ದ, ಸೌಮ್ಯ ಸ್ವಭಾವದ ಮನುಷ್ಯ. ಪತ್ರ ಓದಿ, ಎರಡೂ ವಿಡಿಯೋ ನೋಡಿ, ಕರವಸ್ತ್ರವನ್ನು ಮಡಿಸುತ್ತ ಕೂತರು.

"ಆದ್ರೆ ಅಮ್ಮ, ಅವನೇ ಒಪ್ಕೊಂಡಿದಾನಲ್ಲ," ಎಂದರು.

"ಏನಂತ?"

ಅವರು ಕಡತ ತೆಗೆದು ಓದಿದರು. ವಿಚಾರಣೆ ಶುರುವಾದಾಗ ಸೀಟಿಯವನು, ನಾನು ಮೊದಲೇ ಊದಿದೆ, ಸರಪಳಿ ಅಲುಗಿದ್ದು ಕಂಡ ಕೂಡಲೇ ಊದಿದೆ ಎಂದು ಮೂರು ಸಲ ಹೇಳಿದ್ದ. ಆಮೇಲೆ ವಿಡಿಯೋ ಹಾಕಿದರು. ಇನ್ನೊಮ್ಮೆ ಹಾಕಿ ಎಂದು ಅವನೇ ಕೇಳಿದ. ಎರಡನೇ ಸಲ ನೋಡಿ ಆದ ಮೇಲೆ ಅವನ ಹೇಳಿಕೆ ಒಂದೇ ಸಾಲು: ತಡವಾಯಿತು, ನಾನೇ ತಡ ಮಾಡಿದೆ.

"ನಾವ್ಯಾರೂ ಬಲವಂತ ಮಾಡ್ಲಿಲ್ಲ," ಎಂದರು ಅಧಿಕಾರಿ. ಅದು ನಿಜವೇ ಆಗಿತ್ತು. "ಸತ್ತವನ ಅಕ್ಕ ಎದ್ದು ನಿಂತು ಅವನಿಗೆ ಒಂದು ಮಾತು ಅಂದ್ಲು ನೋಡಿ. ಒಂದು ಉಸಿರು ಊದೋಕೆ ನಿಮಗೆ ಅಷ್ಟು ಭಾರ ಆಯ್ತಾ ಅಂತ. ಅವನು ತಲೆ ಎತ್ತಲೇ ಇಲ್ಲ."

ಆದೇಶ ತಿದ್ದುವುದಾಗಿ ಅವರು ಒಪ್ಪಿಕೊಂಡರು. ತಿದ್ದಿದರು ಕೂಡ, ಮೂರು ವಾರ ಹಿಡಿಯಿತು. ತಿದ್ದಿದ ಆದೇಶದಲ್ಲಿ ತಪ್ಪು ಸೀಟಿಯವನ ಹೆಗಲಿನಿಂದ ಇಳಿದು ಕ್ರೇನ್ ಚಾಲಕನ ಹೆಗಲೇರಿತು. ಸೀಟಿ ಕೇಳಿಸಿತು, ಆ ಕ್ಷಣವೇ ಬ್ರೇಕು ಒತ್ತಿದೆ, ಬ್ರೇಕು ಹಿಡಿಯಲು ತಡವಾಯಿತು, ಅದನ್ನು ಎರಡು ಸಲ ವರದಿ ಮಾಡಿದ್ದೆ ಎಂದು ಚಾಲಕ ಹೇಳಿದನಂತೆ. ವರದಿಯ ಪುಸ್ತಕದಲ್ಲಿ ಆ ತಿಂಗಳ ಹಾಳೆ ಸಿಗಲಿಲ್ಲ. ಅಂಗಳದ ಮಾಲೀಕರ ಹೆಸರು ಮೊದಲಿನದರಲ್ಲೂ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ.

ಆದರೆ ಎಡಿಟರಮ್ಮ ಮೂರು ವಾರ ಕಾಯಲಿಲ್ಲ. ಅಧಿಕಾರಿಯ ಕಚೇರಿಯಿಂದ ನೇರವಾಗಿ ಆಸ್ಪತ್ರೆಗೆ ಹೋಗಿ, ಬಿಸಿ ಆವಿಯ ನಡುವೆ ಹಾಸಿಗೆ ವಸ್ತ್ರ ಮಡಿಸುತ್ತಿದ್ದ ಅಕ್ಕನನ್ನು ಹೊರಗೆ ಕರೆದು ಎಲ್ಲ ಹೇಳಿದಳು. ಅಕ್ಕ ಮೊದಲು ಕೇಳಿದ್ದು ಬೇರೆಯದೇ.

"ಅಂದ್ರೆ ನೀವು ಪೂರ್ತಿ ನೋಡಿದ್ರಾ? ಕೊನೇವರೆಗೂ?"

"ನೋಡಿದೆ."

"ಅವನು ಕೂಗಿದ್ನಾ?"

"ಇಲ್ಲ. ಟೈಮೇ ಇರ್ಲಿಲ್ಲ ಅಮ್ಮ."

ಅಕ್ಕ ಗೋಡೆಗೊರಗಿ ನಿಂತಳು. "ಪೀಪಿಯಣ್ಣ ನಮ್ಮನೆಗೆ ಊಟಕ್ಕೆಲ್ಲ ಬಂದಿದ್ದವರು," ಎಂದಳು. ಅಂಗಳದಲ್ಲಿ ಸೀಟಿಯವನಿಗೆ ಆ ಅಡ್ಡಹೆಸರು ಇಟ್ಟದ್ದೇ ಅವಳ ತಮ್ಮನಂತೆ. "ಅವರಿಗೆ ನಾನು ಎಂಥ ಮಾತು ಅಂದುಬಿಟ್ಟೆ. ನಡೀರಿ, ಹೋಗೋಣ."

ಪೀಪಿಯ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವಳು ಅವನ ಹೆಂಡತಿ. ಅಕ್ಕನನ್ನು ಕಂಡದ್ದೇ ಬಾಗಿಲನ್ನು ಅರ್ಧ ಮುಚ್ಚಿದಳು. "ಇನ್ನೇನು ಬಾಕಿ ಇದೆ? ಅಂದಿದ್ದು ಸಾಲದಾ?"

"ತಪ್ಪಾಯ್ತು ಅಂತ ಹೇಳೋಕೆ ಬಂದೆ ಅತ್ತಿಗೆ."

ಪೀಪಿ ಒಳಗೆ ಚಾಪೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಐವತ್ತು ದಾಟಿದ ದೊಡ್ಡ ಆಳು. ಅವನ ಕೈಯಲ್ಲಿ ಬೆಳ್ಳುಳ್ಳಿಯ ಎಸಳು ಅಕ್ಕಿಕಾಳಿನಂತೆ ಕಾಣುತ್ತಿತ್ತು. ಇಬ್ಬರನ್ನೂ ನೋಡಿ ಎದ್ದು ನಿಂತ. ಎಡಿಟರಮ್ಮ ತಾನು ಯಾರು, ಏನು ಮಾಡಿದೆ, ಹೇಗೆ ಗೊತ್ತಾಯಿತು ಎಂಬುದನ್ನೆಲ್ಲ ಹೇಳಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅವನ ಮುಂದೆ ಚೆಲ್ಲಾಪಿಲ್ಲಿಯಾದವು. ಕೊನೆಗೆ ಲ್ಯಾಪ್‌ಟಾಪು ತೆರೆದು ಚಾಪೆಯ ಮೇಲಿಟ್ಟಳು. ಸರಪಳಿ ಜಾರುವಲ್ಲಿಗೆ ನಿಲ್ಲುವಂತೆ ಮಾಡಿ ಓಡಿಸಿದಳು.

ಪೀಪಿ ಬಾಗಿ ನೋಡಿದ. ಸೀಟಿ ಕೂಗಿತು, ಆಮೇಲೆ ಸರಪಳಿ ಜಾರಿತು.

ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. "ನಾನು ಹೇಳ್ಲಿಲ್ವಾ? ನೀವು ಊದಿರ್ತೀರಿ ಅಂತ ನಾನು ಅವತ್ತಿಂದ ಬಡ್ಕೋತಿಲ್ವಾ?"

ಪೀಪಿ ಪರದೆಯನ್ನೇ ನೋಡುತ್ತಿದ್ದ. "ಅವತ್ತು ಹಾಕಿದ್ದು?" ಎಂದು ಕೇಳಿದ.

"ಅದೂ ನಾನು ಮಾಡಿದ್ದೇ. ಅದು ತಪ್ಪು."

"ಅದಕ್ಕೂ ಏನೂ ಬದಲಾಯಿಸಿಲ್ಲ ಅಂತ ಸಹಿ ಇತ್ತು."

"ಇತ್ತು."

"ಇದಕ್ಕೂ ಇದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಎಡಿಟರಮ್ಮನನ್ನು ಹೆಚ್ಚು ಹೆದರಿಸಿತು. ಅಂಗಡಿಯಲ್ಲಿ ಎರಡು ತಕ್ಕಡಿ ಬೇರೆ ಬೇರೆ ತೂಕ ತೋರಿಸಿದ್ದನ್ನು ನೋಡಿದವನ ಹಾಗೆ ಕೇಳುತ್ತಿದ್ದ.

"ಅಮ್ಮ, ನೀವು ಒಳ್ಳೇದಕ್ಕೇ ಬಂದಿದೀರಿ, ಗೊತ್ತು," ಎಂದ ಪೀಪಿ. "ಆದ್ರೆ ನಾನು ಆ ಕೋಣೆಯಲ್ಲಿ ಕೂತು ನೋಡಿದ ಮೇಲೆ ನೆನಪೇ ತಿರುಗಿಬಿಡ್ತು. ಮೊದ್ಲು ನೆನಪಲ್ಲಿ ನಾನು ಊದ್ತಿದ್ದೆ, ಆಮೇಲೆ ಅದು ಜಾರ್ತಿತ್ತು. ಈಗ ಕಣ್ಣು ಮುಚ್ಚಿದ್ರೆ ಜಾರೋದೇ ಮೊದ್ಲು. ಸೀಟಿ ಬಾಯಲ್ಲಿ ಇಟ್ಕೊಂಡು ಸುಮ್ನೆ ನಿಂತಿರ್ತೀನಿ. ಅಲ್ಲಿ ಆ ಹುಡುಗ ನನ್ನ ಕಡೆ ನೋಡ್ತಾನೆ."

"ಅಣ್ಣಾ," ಎಂದಳು ಅಕ್ಕ. ಅವಳು ಅಲ್ಲೇ ನೆಲದ ಮೇಲೆ ಕೂತು, ಕೈಚೀಲದಿಂದ ಫೋನು ತೆಗೆದಳು. "ಅವರದ್ದು ಬೇಡ. ಇದು ಅವನ ಫೋನು. ಇದಕ್ಕೆ ಯಾರೂ ಕೈ ಹಾಕಿಲ್ಲ. ಕೊನೇದನ್ನ ನಾನೂ ಇಲ್ಲೀವರೆಗೆ ನೋಡಿಲ್ಲ. ಒಟ್ಟಿಗೆ ನೋಡೋಣ."

ಬೇಡ ಎಂದು ಎಡಿಟರಮ್ಮ ಕೈ ಚಾಚುವಷ್ಟರಲ್ಲಿ ಅವಳು ಒತ್ತಿಬಿಟ್ಟಿದ್ದಳು. ಕೋಣೆಯಲ್ಲಿ ಗಾಳಿಯ ಸದ್ದು ತುಂಬಿತು. ಸೀಟಿ. ಆಮೇಲೆ ಉಳಿದದ್ದು. ಅಕ್ಕ ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಪೆಟ್ಟಿನ ಸದ್ದಿಗೆ ಪೀಪಿಯ ಹೆಂಡತಿ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

ವಿಡಿಯೋದಲ್ಲಿ ಜನ ಓಡಿಬರುವುದು, ಕೂಗುವುದು ಇನ್ನೂ ಎರಡು ನಿಮಿಷ ಇತ್ತು. ಅಕ್ಕ ಅದನ್ನು ನಿಲ್ಲಿಸಿದಳು.

"ನೀವು ಊದಿದ್ರಿ ಅಣ್ಣಾ. ನಾನು ಕೇಳಿಸ್ಕೊಂಡೆ."

ಪೀಪಿ ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಅಲ್ಲಿಯವರೆಗೆ ಹಿಡಿದಿಟ್ಟಿದ್ದೆಲ್ಲ ಆಗ ಒಡೆಯಿತು. ಮೊಣಕಾಲಿಗೆ ಹಣೆ ಹಚ್ಚಿ, ಉಸಿರು ಸಿಗದ ಮಗುವಿನಂತೆ ಅತ್ತಳು. ಅವನು ಕೈ ತೆಗೆಯಲಿಲ್ಲ. ಆದರೆ ಹೌದು, ಊದಿದೆ ಎಂದು ಅವನ ಬಾಯಿಂದ ಬರಲಿಲ್ಲ.

ತಿದ್ದಿದ ಆದೇಶ ಬಂದ ಮೇಲೆ ಅಂಗಳದವರು ಅವನನ್ನು ಮತ್ತೆ ಕೆಲಸಕ್ಕೆ ಕರೆದರು. ಹೆಂಡತಿಯ ಒತ್ತಾಯಕ್ಕೆ ಹೋದ. ಮೊದಲ ದಿನವೇ ಅವನು ತೊಲೆ ನೆಲ ಬಿಡುವ ಮುಂಚೆ ಉದ್ದಕ್ಕೆ ಊದಿದ. ಕ್ರೇನು ನಿಂತಿತು. ಎಲ್ಲ ಸರಿಯಾಗಿತ್ತು. ಮತ್ತೆ ಎತ್ತಿದರು, ಮತ್ತೆ ಊದಿದ. ಮೊದಮೊದಲು ಜನ, "ಪೀಪಿಯಣ್ಣಂಗೆ ಹೊಸ ಹುರುಪು," ಎಂದು ನಕ್ಕರು. ಒಂದು ವಾರ ಕಳೆಯುವಷ್ಟರಲ್ಲಿ ಬೈಯತೊಡಗಿದರು. ದಿನಕ್ಕೆ ನಲವತ್ತು ಸಲ ಕ್ರೇನು ನಿಲ್ಲುತ್ತಿತ್ತು. ಎರಡನೇ ವಾರದ ಮಧ್ಯದಲ್ಲಿ ಅವನೇ ಸೀಟಿಯನ್ನು ಮೇಲ್ವಿಚಾರಕನ ಮೇಜಿನ ಮೇಲಿಟ್ಟು, ಬೇರೆ ಏನಾದರೂ ಕೊಡಿ ಎಂದ. ಬೋಲ್ಟು, ನಟ್ಟು ವಿಂಗಡಿಸುವ ಶೆಡ್ಡಿಗೆ ಹಾಕಿದರು.

ಎಡಿಟರಮ್ಮ ಹಳೆಯ ಡಿಸ್ಕುಗಳನ್ನೆಲ್ಲ ತೆಗೆದು, ವಿಚಾರಣೆಯ ಕಚೇರಿಗೆ ಮಾಡಿಕೊಟ್ಟಿದ್ದ ಅರವತ್ತೆರಡು ವಿಡಿಯೋಗಳನ್ನು ಒಂದೊಂದಾಗಿ ಮೂಲದ ಜೊತೆ ಹೋಲಿಸಿ ನೋಡಿದಳು. ದಿನಕ್ಕೆರಡರಂತೆ, ಸದ್ದು ತಗ್ಗಿಸದೆ, ಕೊನೆಯವರೆಗೆ. ಎರಡರಲ್ಲಿ ಸ್ವಲ್ಪ ವ್ಯತ್ಯಾಸ ಸಿಕ್ಕಿತು. ಎರಡನ್ನೂ ಪತ್ರ ಬರೆದು ತಿಳಿಸಿದಳು. ಆಮೇಲೆ ಆ ಕಚೇರಿಯಿಂದ ಕೆಲಸ ಬರುವುದು ನಿಂತಿತು.

ನಾಲ್ಕೈದು ತಿಂಗಳ ಮೇಲೆ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಪೀಪಿ ಸಿಕ್ಕ. ಅವನೇ ಗುರುತು ಹಿಡಿದು ಹತ್ತಿರ ಬಂದ. ಬೆರಳುಗಳಿಗೆಲ್ಲ ಕಪ್ಪು ಗ್ರೀಸು ಹತ್ತಿತ್ತು. ಆರೋಗ್ಯ ವಿಚಾರಿಸಿದ, ಹೆಂಡತಿಯ ಮಂಡಿನೋವಿನ ಬಗ್ಗೆ ಹೇಳಿದ. ಅಕ್ಕ ಈಗಲೂ ತಿಂಗಳಿಗೊಮ್ಮೆ ಮನೆಗೆ ಬಂದು ಹೋಗುತ್ತಾಳಂತೆ.

"ಕೆಲಸ ಹೇಗಿದೆ?" ಎಂದು ಕೇಳಿದಳು.

"ಪರವಾಗಿಲ್ಲ. ಬೋಲ್ಟು ಬಿದ್ರೆ ಕಾಲ್ಬೆರಳು ನೋಯುತ್ತೆ, ಅಷ್ಟೇ." ಅವನು ಸ್ವಲ್ಪ ನಕ್ಕ. ಆಮೇಲೆ ರಸ್ತೆಯ ಕಡೆ ನೋಡುತ್ತ ಹೇಳಿದ: "ಬೆಳಿಗ್ಗೆ ಎದ್ದಾಗ ಊದಿದೆ ಅಂತಾನೇ ಅನ್ಸುತ್ತೆ ಅಮ್ಮ. ನೀವು ತೋರಿಸಿದ ಹಾಗೇನೇ. ಮಧ್ಯಾಹ್ನದ ಹೊತ್ತಿಗೆ ಇಲ್ಲ ಅನ್ಸೋಕೆ ಶುರುವಾಗುತ್ತೆ. ಸಂಜೆ ಯಾರನ್ನಾದ್ರೂ ಕೇಳ್ಬೇಕು ಅನ್ಸುತ್ತೆ. ಮನೆಯವಳನ್ನ ಎಷ್ಟು ಸಲ ಅಂತ ಕೇಳ್ಲಿ?"

"ನೀವು ಊದಿದ್ರಿ," ಎಂದಳು ಎಡಿಟರಮ್ಮ. "ಎರಡು ಸೆಕೆಂಡು ಮುಂಚೆ."

"ಹೂಂ," ಎಂದ ಅವನು, ಔಷಧಿ ನುಂಗಿದವನ ಹಾಗೆ ತಲೆಯಾಡಿಸಿ.

ಅವಳ ಬಸ್ಸು ಬಂತು. ಅವನು ಜನರನ್ನು ಸರಿಸಿ ಅವಳಿಗೆ ಹತ್ತಲು ಜಾಗ ಮಾಡಿಕೊಟ್ಟ. ಬಸ್ಸು ತುಂಬಿತ್ತು, ಕಿಟಕಿಯ ಹತ್ತಿರ ಹೋಗಲು ಆಗಲಿಲ್ಲ. ಬಾಗಿಲು ಮುಚ್ಚುವ ಮುಂಚೆ ಅವನು ಹೊರಗಿನಿಂದ ಕೂಗಿ ಕೇಳಿದ:

"ಎರಡು ಸೆಕೆಂಡು ಅಂದ್ರಲ್ವಾ?"

"ಎರಡು," ಎಂದು ಅವಳು ಜನರ ತಲೆಗಳ ಮೇಲಿಂದ ಬೆರಳು ಎತ್ತಿ ತೋರಿಸಿದಳು. ಅವನಿಗೆ ಅದು ಕಂಡಿತೋ ಇಲ್ಲವೋ ಗೊತ್ತಾಗುವಷ್ಟರಲ್ಲಿ ಬಸ್ಸು ತಿರುವು ತೆಗೆದುಕೊಂಡಿತ್ತು.